ಪತ್ರಿಕೆಯಲ್ಲಿ ಸಿಕ್ಕ ಬಡ್ತಿ

ವೇಣುವಿನ ಮದುವೆ ಪತ್ರಿಕೆಗಳು ಅಚ್ಚಾಗಿ ಮೇಲೂರಿನ ಮನೆಗೆ ಬಂದವು. ಅವನ ಅಕ್ಕ ಸಂಘಮಿತ್ರ ಒಂದನ್ನು ಬಿಡಿಸಿ ನೋಡಿದಳು. ನಮ್ಮ ಕಡೆ ಹೆಸರಿನ ಕೆಳಗೆ ಕೆಲಸ ಹಾಕಿಸದಿದ್ದರೆ ನೆಂಟರಿಗೆ ಸಮಾಧಾನವಿಲ್ಲ. ಅವಳ ಹೆಸರಿನ ಕೆಳಗೆ ‘ಪೊಲೀಸ್ ಅಧಿಕಾರಿ, ಚಿಂತಾಮಣಿ’ ಎಂದಿತ್ತು.

“ಅಪ್ಪಾ, ಏನಿದು? ನಾನು ಕಾನ್‌ಸ್ಟೇಬಲ್ಲು!”

“ಪೊಲೀಸ್ ಅಂದ್ಮೇಲೆ ಆಫೀಸರೇ ಅಲ್ವೇನಮ್ಮಾ?” ಎಂದ ಆವುಲಪ್ಪ.

“ಸಬ್ ಇನ್‌ಸ್ಪೆಕ್ಟರು, ಅವರ ಮೇಲಿನೋರಿಗೆ ಹಂಗಂತಾರೆ. ನಾಳೆ ಇದನ್ನ ಸ್ಟೇಷನ್ನಲ್ಲಿ ಕೊಟ್ಟು ರಜಾ ಕೇಳ್ಬೇಕು. ಮೇಡಂ ಸಿಟ್ಟಾದ್ರೆ ರಜಾನೂ ಇಲ್ಲ, ನನಗೆ ತಮ್ಮನ ಮದುವೇನೂ ಇಲ್ಲ.”

ಅವಳು ಅಂಗಡಿಯಿಂದ ವೈಟ್ನರ್ ತಂದು, ಠಾಣೆಗೆ ಕೊಡುವ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಳು. ಆವುಲಪ್ಪ ಪಕ್ಕಕ್ಕೆ ಬಂದ.

“ಪ್ರೆಸ್ಸಿನೋನು ‘ಪೇದೆ ಅಂತ ಹಾಕ್ಲಾ’ ಅಂದ. ಹ್ಞೂಂ ಅನ್ನೋಕೆ ಬಾಯೇ ಬರ್ಲಿಲ್ಲ ಕಣಮ್ಮ. ನಿಮ್ಮ ತಾತ ಪೇದೇನ ಕಂಡ್ರೂ ಹೆಗಲ ಮೇಲಿನ ಟವಲ್ ತೆಗೆದು ಕಂಕುಳಲ್ಲಿ ಇಟ್ಕೊಳ್ತಿದ್ದ. ಖಾಕಿ ಹಾಕ್ಕೊಂಡೋರೆಲ್ಲ ಅವನಿಗೆ ಆಫೀಸರೇ. ಅವನ ಮೊಮ್ಮಗಳು ಮಾತ್ರ ಯಾಕಲ್ಲ?”

ಸಂಘಮಿತ್ರ ವೈಟ್ನರ್ ಮುಚ್ಚಳ ಹಾಕಿದಳು.

ಮರುದಿನ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಪತ್ರಿಕೆಯನ್ನು ಎರಡು ಸಲ ಓದಿದರು. ಹೆಡ್ ಕಾನ್‌ಸ್ಟೇಬಲ್ ಬಯ್ಯಪ್ಪ ಇಣುಕಿ ನೋಡಿ, ಟಪ್ಪನೆ ಸೆಲ್ಯೂಟ್ ಹೊಡೆದ. “ಆಫೀಸರಮ್ಮಾ, ನಮ್ಮಂಥೋರಿಗೂ ಒಂದು ಪತ್ರಿಕೆ ಕೊಡ್ತೀರಾ?”

“ಯಾವಾಗಮ್ಮ ಬಡ್ತಿ ಆಗಿದ್ದು?” ಎಂದರು ಜ್ಯೋತಿಲಕ್ಷ್ಮಿ, ತಲೆ ಎತ್ತದೆ.

“ನಮ್ಮಪ್ಪ ಕೊಟ್ಟಿದ್ದು ಮೇಡಂ. ಅಳಿಸಣ ಅಂತ ಕೂತಿದ್ದೆ, ಕೈ ಬರ್ಲಿಲ್ಲ.”

ತಾತನ ಟವಲಿನ ವಿಷಯವನ್ನೂ ಹೇಳಿದಳು. ಬಯ್ಯಪ್ಪನ ನಗು ನಿಂತಿತು. ಜ್ಯೋತಿಲಕ್ಷ್ಮಿ ರಜೆ ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದರು.

“ಸರ್ಕಾರದ ಕಾಗದದಲ್ಲಿ ಹಿಂಗೆ ಬರ್ಕೊಂಡ್ರೆ ಮೆಮೋ ಕೊಡ್ತೀನಿ. ಇದು ನಿಮ್ಮಪ್ಪನ ಕಾಗದ. ಇರ್ಲಿ ಬಿಡು.”

ಮದುವೆಗೆ ಜ್ಯೋತಿಲಕ್ಷ್ಮಿ ಸೀರೆ ಉಟ್ಟು ಬಂದರು. ಬಾಗಿಲಲ್ಲಿ ನಿಂತಿದ್ದ ಆವುಲಪ್ಪ ಕೈಮುಗಿದ.

“ತಾವು ಯಾರು ಅಂತ ಗೊತ್ತಾಗ್ಲಿಲ್ಲ ತಾಯಿ.”

“ಚಿಂತಾಮಣಿ ಸ್ಟೇಷನ್ನಪ್ಪ. ನಿಮ್ಮ ಮಗಳ ಜೊತೆ ಕೆಲಸ ಮಾಡ್ತೀನಿ.”

ಪಾಯಸದ ಬಕೆಟ್ ಹಿಡಿದು ಬರುತ್ತಿದ್ದ ಸಂಘಮಿತ್ರ ಗಕ್ಕನೆ ನಿಂತಳು. ಆವುಲಪ್ಪನ ಮುಖ ಅರಳಿತು.

“ಹೌದಾ! ಬನ್ನಿ ತಾಯಿ, ಮೊದ್ಲು ಊಟಕ್ಕೆ ಕೂತ್ಕೊಳ್ಳಿ. ನಮ್ಮ ಹುಡುಗಿ ಒಸಿ ಜೋರು. ಅಲ್ಲೇನಾದ್ರೂ ಗದರಿಸಿದ್ರೆ ನನಗೊಂದು ಮಾತು ಹೇಳಿ, ನಾನು ಬುದ್ಧಿ ಹೇಳ್ತೀನಿ.”

“ಆಗ್ಲಪ್ಪ, ಖಂಡಿತ ಹೇಳ್ತೀನಿ” ಎಂದು ಜ್ಯೋತಿಲಕ್ಷ್ಮಿ ಪಂಕ್ತಿಯಲ್ಲಿ ಹೋಗಿ ಕೂತರು.