ಮೂರನೆಯ ವಿಳಾಸ

ಶಾಲೆಯ ಗಂಟೆ ಹೊಡೆದ ಮೇಲೆ ಉಳಿದವರೆಲ್ಲ ಮನೆಯ ದಾರಿ ಹಿಡಿದರೆ ವೈಶಾಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಬನಹಟ್ಟಿಯ ಓಣಿಗಳ ದಾರಿ ಹಿಡಿಯುತ್ತಿದ್ದಳು. ಇದು ಹನ್ನೊಂದನೆಯ ಸಂಜೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಮುಧೋಳದ ಸಕ್ಕರೆ ಕಾರ್ಖಾನೆಗೆ ಹೋಗುವ ಗಂಡನ ಬುತ್ತಿ ಕಟ್ಟಿ, ಮಗಳ ಜಡೆ ಹೆಣೆದು, ಮೂರನೆಯ ತರಗತಿಯ ನಲವತ್ತೆರಡು ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು, ಇಷ್ಟೆಲ್ಲ ಆದ ಮೇಲೆ ಸರ್ಕಾರದ ಎರಡನೆಯ ಪಾಳಿ ಶುರುವಾಗುತ್ತಿತ್ತು. ಹಿಮ್ಮಡಿ ಒಡೆದು ಚಪ್ಪಲಿಗೆ ರಕ್ತ ಹತ್ತಿದ್ದನ್ನು ಅವಳು ನಿನ್ನೆಯೇ ನೋಡಿದ್ದಳು. ನೋಡಿ ಸುಮ್ಮನಾಗಿದ್ದಳು.

ಕುಟುಂಬ ಪರಿಶೀಲನೆ ಎಂದು ಆ ಕೆಲಸಕ್ಕೆ ಹೆಸರು. ಮೊದಲ ದಿನ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರೆ ಮುಗಿಯುತ್ತಿತ್ತು. ಆಮೇಲೆ ರಾತ್ರೋರಾತ್ರಿ ಮೊಬೈಲಿನ ಆ್ಯಪಿನಲ್ಲಿ ಹೊಸ ಪ್ರಶ್ನೆಗಳು ಮೂಡತೊಡಗಿದವು. ಒಂದೇ ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತೀರಿ, ಕಳೆದ ವಾರ ಉಂಡುಹೋದ ಬೀಗರು ಯಾರು, ಪಂಚಮಿಗೆ ತವರಿಗೆ ಬಂದ ಮಗಳು ಎಷ್ಟು ದಿನ ಇದ್ದಳು. ಕೇಳುವಾಗ ವೈಶಾಲಿ ಎದುರಿನವರ ಮುಖ ನೋಡುವುದನ್ನು ಬಿಟ್ಟು ಮೊಬೈಲನ್ನೇ ನೋಡುವುದು ರೂಢಿ ಮಾಡಿಕೊಂಡಿದ್ದಳು.

ಓಣಿಯ ಮೂಲೆಯ ಕಟ್ಟೆಯ ಮೇಲೆ ಕೂರುವ ಮುದುಕ ಪರಸಪ್ಪ ಅವಳನ್ನು ಕಂಡೊಡನೆ ದಿನಕ್ಕೊಂದು ಮಾತು ಎಸೆಯುತ್ತಿದ್ದ.

"ಅಕ್ಕೋರ, ನಿನ್ನಿ ರಾತ್ರಿ ನಾ ಎರಡ ಸಲ ಒಂದಕ್ಕ ಎದ್ದೀನ್ರಿ. ಅದನೂ ಬರಕೋರಿ, ಮತ್ತ ನೋಟೀಸ ಬಂದೀತು."

"ಬರಕೊಂಡ್ನಿ ಕಾಕಾ. ಎರಡ ಸಲ ಯಾಕ ಎದ್ರಿ ಅಂತ ಮುಂದಿನ ವಾರ ಕೇಳ್ತಾರ, ನೆನಪ ಇಟ್ಟಿರ್ರಿ."

ಕಟ್ಟೆಯವರೆಲ್ಲ ನಕ್ಕರು. ಆ ನಗೆಯ ಅಡಿಯಲ್ಲಿ ಸಿಟ್ಟಿತ್ತು. ಸಿಟ್ಟು ಯಾರ ಮೇಲೆ ಎಂದು ಕೇಳಿದ್ದರೆ ಅವರಿಗೂ ಹೇಳಲು ಬರುತ್ತಿರಲಿಲ್ಲ. ಕೈಗೆ ಸಿಗುತ್ತಿದ್ದವಳು ಮಾತ್ರ ವೈಶಾಲಿ ಒಬ್ಬಳೇ.

ಈ ವಾರ ಬಂದದ್ದು ಗೈರು ಪಟ್ಟಿ. ರೇಷನ್ ಕಾರ್ಡಿನಲ್ಲಿ ಹೆಸರಿದ್ದು ಮನೆಯಲ್ಲಿ ಇಲ್ಲದವರ ಪಟ್ಟಿ ಅದು. ಅವರು ಎಲ್ಲಿರಬಹುದು ಎಂದು ಮನೆಯ ಯಜಮಾನನನ್ನು ಕೇಳುವುದು. ಅವನು ಕೊಟ್ಟ ವಿಳಾಸಗಳು ಆಯಾ ಊರಿನ ಗಣತಿದಾರರ ಮೊಬೈಲಿಗೆ ಬಂದು ಬೀಳುವುದು. ಗಣತಿದಾರರು ಆ ಮನೆಗೆ ಹೋಗಿ 'ಇದ್ದಾರೆ' ಅಥವಾ 'ಇಲ್ಲ' ಒತ್ತುವುದು. ಒತ್ತಿದ ಕ್ಷಣದಲ್ಲಿ ಯಜಮಾನನ ಫೋನಿಗೆ ಸಂದೇಶ. ಸುಳ್ಳು ಒತ್ತಿದವರಿಗೆ ಶಿಕ್ಷೆ. ಪಕ್ಕದ ವಾರ್ಡಿನಲ್ಲಿ ವೀರಣ್ಣ ಮಾಸ್ತರರು ಮನೆಗೆ ಹೋಗದೆಯೇ ಒತ್ತಿ ಅಮಾನತ್ತಾಗಿ ನಾಲ್ಕು ದಿನವಾಗಿತ್ತು. ನಿವೃತ್ತಿಗೆ ಅವರಿಗೆ ಉಳಿದಿದ್ದದ್ದು ಏಳು ತಿಂಗಳು.

ವೈಶಾಲಿಯ ಪಟ್ಟಿಯಲ್ಲಿ ಒಂದೇ ಹೆಸರು ಕೆಂಪಗೆ ಉಳಿದಿತ್ತು. ಮನೀಷಾ, ವಯಸ್ಸು ಇಪ್ಪತ್ತನಾಲ್ಕು. ಯಜಮಾನ, ತೇರದಾಳದ ದುರಗೇಶ. ಸಂಬಂಧ, ಗಂಡ. ಅವನು ಮೂರು ವಿಳಾಸ ಬರೆಸಿದ್ದ. ಚಿಮ್ಮಡದ ಸೋದರಮಾವನ ಮನೆಯಿಂದ 'ಇಲ್ಲ' ಬಂದಿತ್ತು. ಜಮಖಂಡಿಯ ಗೆಳತಿಯ ಮನೆಯಿಂದಲೂ 'ಇಲ್ಲ'. ಮೂರನೆಯದು ಇದೇ ಓಣಿಯ ದೊಡ್ಡವ್ವ ತಾರವ್ವನ ಮನೆ.

ಮೇಲ್ವಿಚಾರಕ ಚಿದಾನಂದ ಮಧ್ಯಾಹ್ನದ ಊಟದ ಹೊತ್ತಿಗೇ ಫೋನು ಮಾಡಿದ್ದ.

"ಮೇಡಂ, ಸಂಜಿ ಆರರೊಳಗ ಆ ಕೆಂಪ ತಗೀರಿ. ಇಡೀ ತಾಲ್ಲೂಕಿನ್ಯಾಗ ಅದೊಂದ ಉಳದೈತಿ. ಮ್ಯಾಲಿನವ್ರು ನನ್ನ ತಲಿ ತಿನ್ನಾಕತ್ತಾರ."

"ಸರ್, ಆಕಿ ಸಣ್ಣ ಹುಡುಗಿ ಅಲ್ಲ. ಎಲ್ಲೆರೆ ಇರ್ಲಿ. ನಮಗ್ಯಾಕ ಬೇಕ್ರಿ?"

"ನಮಗ್ಯಾಕ ಬೇಕು ಅನ್ನೋ ಕಾಲಂ ಆ್ಯಪಿನ್ಯಾಗ ಇಲ್ರಿ ಮೇಡಂ."

ತಾರವ್ವನ ಮನೆ ಎರಡು ಕೋಣೆಯದು. ಹಿಂದೆ ತಗಡಿನ ಶೆಡ್ಡು, ಅದರೊಳಗೆ ಎರಡು ವಿದ್ಯುತ್ ಮಗ್ಗ. ಗಂಡ ತೀರಿಕೊಂಡ ಮೇಲೆ ತಾರವ್ವ ಒಬ್ಬಳೇ ಎರಡನ್ನೂ ನಡೆಸುತ್ತಿದ್ದಳು. ಬಾಗಿಲು ತಟ್ಟಿದರೆ ಎರಡೂ ಮಗ್ಗಗಳ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದು ವೈಶಾಲಿ ಚಿಲಕ ಬಡಿದಳು. ತಾರವ್ವ ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದು ಬಾಗಿಲನ್ನು ಅರ್ಧ ಮಾತ್ರ ತೆರೆದಳು.

"ಹ್ವಾದ ವಾರ ಬಂದ ಬರಕೊಂಡ ಹೋಗೀರೆಲ್ರಿ ಅಕ್ಕೋರ. ಈ ಮನ್ಯಾಗ ನಾ ಒಬ್ಬಾಕಿ, ಹೊರಗ ಒಂದ ಬೆಕ್ಕು. ಬೆಕ್ಕಿನ ಆಧಾರ ಕಾರ್ಡ ಮಾಡಿಸಿಲ್ಲ."

"ಬೆಕ್ಕಿನದಲ್ರಿ. ನಿಮ್ಮ ತಂಗಿ ಮಗಳು ಮನೀಷಾ ಇಲ್ಲಿಗೆ ಬಂದಾಳೇನು ಅಂತ ಕೇಳ್ಯಾರ."

ತಾರವ್ವನ ಮುಖ ಕಲ್ಲಾಯಿತು. "ಆಕಿ ಯಾಕ ಬರ್ತಾಳ ಇಲ್ಲಿಗೆ? ಗಂಡನ ಮನ್ಯಾಗ ಇರ್ತಾಳ. ಆಕಿನ್ನ ನೋಡಿ ಎರಡ ವರ್ಷಾತು."

ಅಷ್ಟರಲ್ಲಿ ಹಿಂದಿನ ಶೆಡ್ಡಿನಲ್ಲಿ ಒಂದು ಮಗ್ಗ ಗಕ್ಕನೆ ನಿಂತಿತು.

ವೈಶಾಲಿ ರಬಕವಿಯ ನೇಕಾರನ ಮಗಳು. ಮಗ್ಗದ ಸದ್ದಿನಲ್ಲಿ ಹುಟ್ಟಿ ಮಗ್ಗದ ಸದ್ದಿನಲ್ಲಿ ಓದಿದವಳು. ಲಾಳಿಯೊಳಗಿನ ಕಂಡಿಕೆಗೆ ಸುತ್ತಿದ ನೂಲು ಮುಗಿದರೆ ಮಗ್ಗ ತಾನಾಗಿ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಮತ್ತೆ ಹೊರಡಿಸಬೇಕಾದರೆ ಹೊಸ ಕಂಡಿಕೆ ಹಾಕಿ ಹಿಡಿ ಎಳೆಯಲು ಒಂದು ಕೈ ಬೇಕು ಎಂಬುದೂ ಗೊತ್ತಿತ್ತು. ಹತ್ತು ಎಣಿಸುವಷ್ಟು ಹೊತ್ತು ಒಂದೇ ಮಗ್ಗ ಬಡಿಯಿತು. ಆಮೇಲೆ ಎರಡನೆಯದೂ ಖಟ್ ಖಟ್ ಎಂದು ಹೊರಟಿತು.

ತಾರವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಎರಡೂ ಕೈ ಬಾಗಿಲ ಮೇಲೆಯೇ ಇದ್ದವು.

ವೈಶಾಲಿ ಮೊಬೈಲನ್ನು ಸೆರಗಿನೊಳಗೆ ಇಳಿಸಿ ಮೆಲ್ಲಗೆ ಹೇಳಿದಳು, "ನಾನೂ ನೇಕಾರ್ರ ಮನಿ ಹುಡುಗಿರಿ ತಾರವ್ವಾರ."

ತಾರವ್ವ ಬೀದಿಯ ಆಚೆ ಈಚೆ ನೋಡಿ, ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಮನೀಷಾ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ಕೂದಲ ತುಂಬ ಹತ್ತಿಯ ಧೂಳು. ಎಡಗೈಯ ಮುಂಗೈ ಹತ್ತಿರ ಎಲುಬು ಸೊಟ್ಟಗೆ ಕೂಡಿಕೊಂಡಿತ್ತು.

"ತಪ್ಪಾತ ದೊಡ್ಡವ್ವ," ಅಂದಳು. "ಮಗ್ಗ ನಿಂತಿದ್ದ ಕೇಳಿ ಕೈ ತಡೀಲಿಲ್ಲ."

"ನಿನ್ನ ಕೈಗೆ ಬೆಂಕಿ ಹತ್ಲಿ," ಎಂದ ತಾರವ್ವ ಮರುಗಳಿಗೆಯಲ್ಲೇ ಅದೇ ಕೈಯನ್ನು ತನ್ನೆರಡು ಕೈಯೊಳಗೆ ಹಿಡಿದುಕೊಂಡಳು. "ನೋಡ್ರಿ ಅಕ್ಕೋರ. ಇದನ್ನ ಬರಕೊಳ್ಳಾಕ ನಿಮ್ಮ ಫೋನಿನ್ಯಾಗ ಜಾಗಾ ಐತೇನು? ಪಂಚಮಿಗೆ ಕದ್ದ ಕರಕೊಂಡ ಬಂದೆ. ಜೋಕಾಲಿ ಹಗ್ಗಾ ಹಿಡ್ಯಾಕ ಬರಲಿಲ್ಲ ಈಕಿಗೆ. ಆವಾಗ ಗೊತ್ತಾತ ನನಗ."

"ನಿಮ್ಮ ಗಂಡಗ ನೀವಿಲ್ಲಿ ಇರೂದು ಗೊತ್ತೈತೇನು?" ವೈಶಾಲಿ ಮನೀಷಾಳನ್ನು ಕೇಳಿದಳು.

"ಇಲ್ರಿ. ದೊಡ್ಡವ್ವಗೂ ನನಗೂ ಮಾತಿಲ್ಲ ಅಂತ ತಿಳದಾನ. ಗೊತ್ತಿದ್ರ ಈ ಬಾಗ್ಲಾ ಉಳೀತಿರಲಿಲ್ಲ." ಮನೀಷಾ ತುಸು ನಕ್ಕಳು. "ಕೈ ಮುರದಾಗ ನನ್ನ ಹುಡಿಕ್ಕೊಂಡ ಒಬ್ಬರೂ ಬರ್ಲಿಲ್ರಿ. ಈಗ ನೋಡ್ರಿ, ಸರ್ಕಾರನ ಬಂದೈತಿ."

ವೈಶಾಲಿಗೆ ಕೂರಬೇಕೆನಿಸಿತು. ತಾರವ್ವ ಹೇಳುವ ಮೊದಲೇ ನೂಲಿನ ಚೀಲದ ಮೇಲೆ ಕೂತಳು. "ನಾ 'ಇಲ್ಲ' ಒತ್ತತೇನಿ," ಅಂದಳು. ಹೇಳಿದ್ದು ತನ್ನ ಧ್ವನಿಯೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ಒತ್ತಿ ಹೋಗಿಬಿಡ್ತೇನಿ. ಇಷ್ಟ ಮುಗೀತು."

ಒತ್ತಿದಳು. ಆ್ಯಪು ಬಿಡಲಿಲ್ಲ. ಬಾಗಿಲ ಹತ್ತಿರ ನಿಮ್ಮ ಮುಖದ ಫೋಟೊ ತೆಗೆಯಿರಿ ಎಂದಿತು, ತೆಗೆದಳು. ಕೋಣೆಗಳ ಫೋಟೊ ಎಂದಿತು. ಮನೀಷಾ ಒಂದು ಕೋಣೆಯಿಂದ ಇನ್ನೊಂದಕ್ಕೆ ಸರಿಯುತ್ತ ಹೋದಂತೆ ಅದನ್ನೂ ತೆಗೆದಳು. ಕೊನೆಗೆ ಒಂದು ಒಕ್ಕಣೆ ಬಂದು ನಿಂತಿತು. ಮನೆಯ ಎಲ್ಲ ಭಾಗಗಳನ್ನು ನಾನು ಖುದ್ದಾಗಿ ಪರಿಶೀಲಿಸಿದ್ದೇನೆ, ಸದರಿ ವ್ಯಕ್ತಿ ಇಲ್ಲಿ ವಾಸವಿರುವುದಿಲ್ಲ, ಈ ಹೇಳಿಕೆ ಸುಳ್ಳೆಂದು ಕಂಡುಬಂದಲ್ಲಿ ಸೇವೆಯಿಂದ ವಜಾ ಆಗಲು ಬದ್ಧಳಾಗಿದ್ದೇನೆ. ಕೆಳಗೆ ಹಸಿರು ಗುಂಡಿ.

ಬೆರಳು ಅದರ ಮೇಲೆ ಹೋಗಿ ನಿಂತಿತು. ಕಟ್ಟೆಯ ಮೇಲೆ ಪರಸಪ್ಪ ಕೂತಿದ್ದಾನೆ. ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೀರಿಗೆ ಬರುವ ಹೆಂಗಸರಿಗೆ ಗೊತ್ತಿಲ್ಲವೇ? ಇಡೀ ಓಣಿ ಬಾಯಿ ಮುಚ್ಚಿಕೊಂಡು ಕಾಯುತ್ತಿರುವ ಗುಟ್ಟು ನಾಳೆ ಮರುಪರಿಶೀಲನೆಗೆ ಜೀಪು ಬಂದರೆ ಎಷ್ಟು ಹೊತ್ತು ಉಳಿದೀತು? ವೀರಣ್ಣ ಮಾಸ್ತರರು ಅಮಾನತ್ತಿನ ಕಾಗದ ಹಿಡಿದುಕೊಂಡು ಶಾಲೆಯ ವರಾಂಡದಲ್ಲಿ ನಿಂತಿದ್ದ ರೀತಿ ಅವಳ ಕಣ್ಣ ಮುಂದೆ ಬಂತು. ಅವರು ಅಳಲಿಲ್ಲ. ಹಾಜರಿ ಪುಸ್ತಕ ಯಾರಿಗೆ ಕೊಡಲಿ ಎಂದು ಕೇಳುತ್ತಿದ್ದರು.

ಕೈಯಲ್ಲಿದ್ದ ಮೊಬೈಲೇ ಬಡಿದುಕೊಂಡಿತು. ಚಿದಾನಂದ.

"ಮೇಡಂ, ಮ್ಯಾಪಿನ್ಯಾಗ ನಿಮ್ಮ ಚುಕ್ಕಿ ಹದಿನೇಳ ನಿಮಿಷದಿಂದ ಒಂದ ಮನಿಯೊಳಗ ತೋರಸಾಕತ್ತೈತಿ. ಏನ ತೊಂದ್ರಿ?"

ತನಗೂ ಒಂದು ಚುಕ್ಕಿ ಇದೆ ಎಂಬುದು ವೈಶಾಲಿಗೆ ಆ ತನಕ ಗೊತ್ತಿರಲಿಲ್ಲ. "ಚಹಾ ಕೊಟ್ಟಾರ್ರಿ ಸರ್. ಕುಡ್ಯಾಕತ್ತಿದ್ದೆ."

"ಒಂದ ಮನಿಗೆ ಎಂಟ ನಿಮಿಷ ಅಂತ ಐತ್ರಿ. ಅದರಾಗ ಚಹಾ ಹಿಡದಿಲ್ಲ. ಅದಾಳೋ ಇಲ್ಲೋ, ಎರಡರಾಗ ಒಂದ ಒತ್ರಿ ಮೇಡಂ, ಪುಣ್ಯಾ ಬರತೈತಿ. ನನಗೂ ಮನಿಗೆ ಹೋಗೂದೈತಿ." ಅವನ ದನಿಯಲ್ಲೂ ದಣಿವೇ ಇತ್ತು.

ಫೋನು ಇಟ್ಟ ಮೇಲೆ ವೈಶಾಲಿ ತಲೆ ಎತ್ತಿದರೆ ಮನೀಷಾ ಅವಳ ಬೆರಳನ್ನೇ ನೋಡುತ್ತಿದ್ದಳು.

"ಮಕ್ಕಳೆಷ್ಟ ಅಕ್ಕೋರ ನಿಮಗ?"

"ಒಬ್ಬಾಕಿ. ಐದನೇತ್ತ ಕಲ್ಯಾಕತ್ತಾಳ."

"ಮನ್ಯಾಗ ಈಗ ಯಾರದಾರ?"

"ಯಾರಿಲ್ಲ. ಅವರ ಅಪ್ಪಾ ಬರೂದು ಎಂಟಕ್ಕ. ಬಾಜೂ ಮನ್ಯಾಗ ಕೂತಿರ್ತಾಳ."

ಹನ್ನೊಂದು ದಿನದಿಂದ ಊರ ಮಂದಿಯನ್ನೆಲ್ಲ ಪ್ರಶ್ನೆ ಕೇಳಿದವಳು ಈಗ ಶಾಲೆಯ ಹುಡುಗಿಯಂತೆ ಉತ್ತರ ಕೊಡುತ್ತಿದ್ದಳು. ಮನೀಷಾ ತಿರುಗಿ ಶೆಡ್ಡಿಗೆ ಹೋದಳು. ಒಂದಾದ ಮೇಲೊಂದು ಎರಡೂ ಮಗ್ಗ ನಿಂತವು. ಕಿವಿ ಗುಂಯ್ ಎನ್ನುವಷ್ಟು ಮೌನ. ಮಗ್ಗದ ಹಾಸಿನಲ್ಲಿ ಹರಿದಿದ್ದ ಎಳೆಗಳನ್ನು ಹುಡುಕಿ, ಸೊಟ್ಟ ಕೈಯಲ್ಲಿ ಹಿಡಿದು, ಬಲಗೈಯಲ್ಲಿ ಗಂಟು ಹಾಕುವುದು ಬಾಗಿಲಿನಿಂದ ಕಾಣುತ್ತಿತ್ತು. ಆಮೇಲೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಎರಡು ಸೀರೆ, ಒಂದು ಟಾವೆಲ್ ತುರುಕಿಕೊಂಡು ಬಂದಳು.

"ಎಲ್ಲಿಗೆ ಹೊಂಟೀಬೇ?" ತಾರವ್ವ ಅಡ್ಡ ನಿಂತಳು.

"ಅಕ್ಕೋರು ಸುಳ್ಳ ಒತ್ತಬಾರ್ದ ದೊಡ್ಡವ್ವ. ಸಿಕ್ಕರ ಅವರ ನೌಕರಿ ಹೋಗತೈತಿ, ನಾನೂ ಸಿಗತೇನಿ. ನಾ ಹ್ವಾದ್ರ ಅವರು ಒತ್ತೂದು ಖರೇನ ಆಕೈತಿ."

"ಯಾವಾಕಿಗೋ ನೌಕರಿ ಉಳೀಲಿ ಅಂತ ನೀ ಮನಿ ಬಿಡತೀ? ಹುಚ್ಚಿ ಅದೀ ಏನ?"

"ಯಾವಾಕಿಗೋ ಅಲ್ಲ. ಅವರ ಮಗಳು ಬಾಜೂ ಮನ್ಯಾಗ ಕೂತ ದಾರಿ ನೋಡಾಕತ್ತಾಳ."

ಬೇಡ ಎನ್ನಬೇಕಿತ್ತು. ಕೂತುಕೋ, ಏನಾದರಾಗಲಿ, ನಾನು ಒತ್ತುತ್ತೇನೆ ಎನ್ನಬೇಕಿತ್ತು. ಮಾತು ಗಂಟಲಿಗೆ ಬಂದಿತ್ತೆಂದು ವೈಶಾಲಿ ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆದರೆ ಬಾಯಿಂದ ಹೊರಗೆ ಬಿದ್ದದ್ದು ಬೇರೆ.

"ಯಾವ ಊರಿಗೆ ಹೋಗ್ತೀರಿ?"

ಮನೀಷಾ ಬಗ್ಗಿ ದೊಡ್ಡವ್ವನ ಕಾಲು ಮುಟ್ಟಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಶೆಡ್ಡು ದಾಟಿ, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ತಾರವ್ವ ಹಿಂದೆಯೇ ಓಡಿದಳು. ಹಿತ್ತಲಲ್ಲಿ ಇಬ್ಬರೂ ಪಿಸುಪಿಸು ಏನೋ ಮಾತಾಡಿದರು. ತುಸು ಹೊತ್ತಿನ ಮೇಲೆ ತಾರವ್ವ ಒಬ್ಬಳೇ ತಿರುಗಿ ಬಂದಳು.

ವೈಶಾಲಿ ಎದ್ದಳು. ಯಾಕೆಂದು ಗೊತ್ತಿಲ್ಲದೆ ಒಂದೊಂದೇ ಕೋಣೆ ನೋಡಿದಳು. ಅಡುಗೆಯ ಕಟ್ಟೆಯ ಮೇಲೆ ಎರಡು ಊಟದ ಗಂಗಾಳ ಬೋರಲು ಹಾಕಿದ್ದವು. ಗೋಡೆಗೆ ಒತ್ತಿ ಎರಡು ಹಾಸಿಗೆಯ ಸುರುಳಿಗಳಿದ್ದವು. ಶೆಡ್ಡಿನಲ್ಲಿ ನೇಯ್ದ ಸೀರೆಯ ಮೇಲೆ ಕೈಯಾಡಿಸಿದಳು, ಒಂದು ಗಂಟೂ ಬೆರಳಿಗೆ ತಾಗಲಿಲ್ಲ. ಎಲ್ಲ ಭಾಗಗಳನ್ನು ಖುದ್ದಾಗಿ ಪರಿಶೀಲಿಸಿದ ಹಾಗಾಯಿತು. ಸದರಿ ವ್ಯಕ್ತಿ ಇಲ್ಲಿ ವಾಸವಿರಲಿಲ್ಲ. ಅವಳು ಹಸಿರು ಗುಂಡಿ ಒತ್ತಿದಳು.

ಕೆಂಪು ಹೋಯಿತು. ನಿಮಿಷದೊಳಗೆ ಚಿದಾನಂದನಿಂದ ಹೆಬ್ಬೆರಳಿನ ಚಿತ್ರ ಬಂತು. ತೇರದಾಳದಲ್ಲಿ ದುರಗೇಶನ ಫೋನೂ ಈಗ ಸದ್ದು ಮಾಡಿರಬೇಕು.

ತಾರವ್ವ ಮೊಣಕಾಲು ನೀವಿಕೊಳ್ಳುತ್ತ ಹೊಸ್ತಿಲ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. "ಆತಲ್ಲ? ಇನ್ನ ನಿಮ್ಮ ಫೋನಿನ್ಯಾಗ ನಮ್ಮನಿ ಸ್ವಚ್ಛ ಆತಲ್ಲ?" ಅಂದಳು.

ವೈಶಾಲಿ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತಳು. "ತಾರವ್ವಾರ, ಈ ಗಣತಿ ನಾಡದು ಮುಗೀತೈತಿ. ಆಮ್ಯಾಲೆ ಯಾರೂ ಬರೂದಿಲ್ಲ. ಆಕಿ ಎಲ್ಲಿ ಹೋಗ್ಯಾಳ ಹೇಳ್ರಿ. ನಾನ ಹೋಗಿ ಕರಕೊಂಡ ಬರ್ತೇನಿ. ನನ್ನ ಆಣಿ."

ತಾರವ್ವ ಕೈ ಚಾಚಿ, ಅವಳ ಕೊರಳಲ್ಲಿ ತಿರುಚಿಕೊಂಡಿದ್ದ ಗುರುತಿನ ಚೀಟಿಯ ಪಟ್ಟಿಯನ್ನು ಮಗಳದ್ದೆನ್ನುವಂತೆ ನೆಟ್ಟಗೆ ಮಾಡಿದಳು.

"ಕೇಳಬ್ಯಾಡ ತಂಗಿ. ಹೇಳಿದ್ರ ನೀ ಬರಕೋಬೇಕಾಕೈತಿ."