ಮೂರನೆಯ ಕೂಗು

ಪ್ರಫುಲ್ಲಾ ತೊಗರಿಬೇಳೆ ತೊಳೆದು, ಚಿಟಿಕೆ ಅರಿಸಿನ ಹಾಕಿ, ನನ್ನ ಮುಚ್ಚಳಕ್ಕೆ ಹೊಸ ಗ್ಯಾಸ್ಕೆಟ್ ಕೂರಿಸುತ್ತಿದ್ದಾಳೆ. ನಾನು ಅವಳ ಹಳೆಯ ಪ್ರೆಷರ್ ಕುಕ್ಕರು. ಎಷ್ಟೋ ವರ್ಷಗಳ ಮೇಲೆ ಅವಳ ಒಲೆ ಏರುತ್ತಿದ್ದೇನೆ.

ಯಾವುದೋ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಅಚ್ಚಿಗೆ ಒತ್ತಿ ನನ್ನನ್ನು ಮಾಡಿದರು. ಭದ್ರಾವತಿಯ ಪಾತ್ರೆ ಅಂಗಡಿಯಿಂದ ಪ್ರಫುಲ್ಲಾಳ ಸೋದರಮಾವ ಕೊಂಡು, ಹೊಟ್ಟೆಯ ಮೇಲೆ ಅವಳ ಹೆಸರು ಕೆತ್ತಿಸಿ, ಮದುವೆಗೆ ಉಡುಗೊರೆ ಕೊಟ್ಟರು.

ಹಾಡುವ ಅವಳು, ಗಿಟಾರ್ ನುಡಿಸುವ ಗಂಡ ಮೋಹನ, ಡ್ರಮ್ಸ್ ಬಾರಿಸುವ ಅಂತೋಣಿ ಸೇರಿ ‘ಒಗ್ಗರಣೆ’ ಎಂಬ ರಾಕ್ ಬ್ಯಾಂಡ್ ಕಟ್ಟಿದ್ದರು. ಅಭ್ಯಾಸವೆಲ್ಲ ಅವಳ ನಡುಮನೆಯಲ್ಲಿ. ಒಂದು ಭಾನುವಾರ ಹಾಡಿನ ಮಧ್ಯೆ ನಾನು ಕೂಗಿಬಿಟ್ಟೆ.

“ಅಕ್ಕಾ, ನಿಮ್ಮ ಯಜಮಾನ್ರಿಗಿಂತ ಕುಕ್ಕರ್‌ಗೇ ತಾಳ ಚೆನ್ನಾಗಿದೆ,” ಎಂದ ಅಂತೋಣಿ.

“ಹಂಗಾದ್ರೆ ಗಿಟಾರ್ ಅದಕ್ಕೇ ಕೊಡು. ನಾನು ಬೇಳೆ ಬೇಯಿಸ್ತೀನಿ,” ಎಂದ ಮೋಹನ.

ಹಾಗೆ ಹುಟ್ಟಿದ್ದು ‘ಮೂರು ಕೂಗು’ ಹಾಡು. ವೇದಿಕೆಯ ಮೇಲೆ ಚಿಕ್ಕ ಗ್ಯಾಸ್ ಒಲೆ, ಅದರ ಮೇಲೆ ನಾನು. ಒಂದೊಂದು ಕೂಗಿಗೆ ಒಂದೊಂದು ಚರಣ; ಮೂರನೆಯ ಕೂಗಿಗೆ ಪ್ರಫುಲ್ಲಾ “ಇಳಿಸ್ರೀ” ಎಂದರೆ ಹಾಡು ಮುಗಿಯಿತು. ಸೊಳ್ಳೆಪರದೆಯ ಹಾಡು, ನಲ್ಲಿನೀರಿನ ಹಾಡು ಏನೇ ಇದ್ದರೂ ಜನ ಕಾಯುತ್ತಿದ್ದುದು ನನಗೆ. ಗಣಪತಿ ಪೆಂಡಾಲು, ಕಾಲೇಜು ಎಂದು ಊರೂರು ಸುತ್ತಿದೆವು; ಒಂದು ಕ್ಯಾಸೆಟ್ಟೂ ಬಂತು. ಕಾರ್ಯಕ್ರಮದ ನಂತರ ಅದೇ ಬೇಳೆಗೆ ಸಾರು ಮಾಡಿ ಎಲ್ಲರೂ ಉಣ್ಣುತ್ತಿದ್ದರು. ಬೇಯಿಸುವುದಕ್ಕೆ ಚಪ್ಪಾಳೆ ಪಡೆದ ಕುಕ್ಕರು ಇನ್ನೆಲ್ಲಿದೆ?

ತೀರಿಹೋದ ಅಮ್ಮನನ್ನು ನೆನೆದು ಪ್ರಫುಲ್ಲಾ ಒಂದು ನಿಧಾನದ ಹಾಡು ಕಟ್ಟಿದ್ದಳು. ಎಲ್ಲಿ ಶುರು ಮಾಡಿದರೂ ಎರಡನೆಯ ಸಾಲಿಗೇ ಜನ, “ಅಕ್ಕಾ, ಅದು ಬಿಡಿ, ಕುಕ್ಕರ್ ಇಡಿ,” ಎನ್ನುತ್ತಿದ್ದರು. ಅವಳು ನಕ್ಕು ನನ್ನನ್ನು ಒಲೆಗೆ ಏರಿಸುತ್ತಿದ್ದಳು. ಹಿಡಿಕೆಯ ಮೇಲೆ ಅವಳ ಬೆರಳು ಬಿಗಿಯುತ್ತಿದ್ದುದು ನನಗೊಬ್ಬನಿಗೇ ಗೊತ್ತು. ಆ ಹಾಡನ್ನು ಕೊನೆಯವರೆಗೆ ಯಾರೂ ಕೇಳಲಿಲ್ಲ.

ಅಂತೋಣಿಗೆ ಮಂಗಳೂರಿನಲ್ಲಿ ಕೆಲಸವಾಯಿತು, ಬ್ಯಾಂಡು ನಿಂತಿತು. ನೆನಪಿಗೆಂದು ಪ್ರಫುಲ್ಲಾಳನ್ನು ಕೇಳಿ ನನ್ನನ್ನು ಒಯ್ದ. ಅವನ ಮನೆಯಲ್ಲಿ ಕುಚ್ಚಲಕ್ಕಿ ಬೇಯಿಸುತ್ತಾ ಮುದುಕನಾದೆ. ಕಳೆದ ವಾರ ಅವನೇ ನನ್ನನ್ನು ವಾಪಸ್ ತಂದ.

“ನಿಮ್ಮ ಕಾಲೊನಿ ಕ್ಲಬ್ಬಿನ ಸುವರ್ಣ ಮಹೋತ್ಸವ ಅಕ್ಕಾ. ನಮ್ಮದು ಒಂದೇ ಹಾಡು. ಕುಕ್ಕರ್ ಹಾಡು.”

“ಇನ್ನೊಂದು ಹಾಡ್ಲಾ?”

“ಅಯ್ಯೋ, ಟೈಮ್ ಕೊಟ್ಟಿರೋದೇ ಒಂದಕ್ಕೆ.”

ಅವಳು ಆಗಲಿ ಎಂದಳು.

ಇವತ್ತು ಅವಳ ಅಡುಗೆಮನೆಯಲ್ಲಿ, ಅಭ್ಯಾಸಕ್ಕೆಂದು, ನಾನು ಒಮ್ಮೆ ಕೂಗಿದೆ, ಎರಡನೆಯ ಸಲವೂ ಕೂಗಿದೆ. ಆಗ ಅವಳು ಉರಿ ಸಣ್ಣ ಮಾಡಿದಳು. ಒಲೆಕಟ್ಟೆಗೆ ಒರಗಿ ಅಮ್ಮನ ಹಾಡು ಎತ್ತಿಕೊಂಡಳು. ನಾನು ಉಸಿರು ಹಿಡಿದೆ. ಕೊನೆಯ ಸಾಲು ಮುಗಿದ ಮೇಲೆ ಉರಿ ಜೋರು ಮಾಡಿದಳು, ಮೂರನೆಯದನ್ನು ಕೂಗಿದೆ.

ಕ್ಲಬ್ಬಿನಲ್ಲೂ ಅವಳು ಹೀಗೇ ಮಾಡುತ್ತಾಳೆ; ಮೂರನೆಯ ಕೂಗಿಗೆ ಕಾಯುವ ಜನ ಎದ್ದು ಹೋಗುವುದಿಲ್ಲ. ಇಷ್ಟು ವರ್ಷ ಅವಳ ಹಾಡಿಗೆ ಅಡ್ಡ ಬಂದೆನೆಂದುಕೊಂಡಿದ್ದ ನನಗೆ, ಅದಕ್ಕೆ ಜಾಗ ಹಿಡಿದಿಡುವ ಭಾಗ್ಯವೂ ಬಂತು.

“ಏನೇ, ಬೇಳೆ ಬೇಯಕ್ಕೆ ಇಷ್ಟೊತ್ತಾ?” ಒಳಗಿನಿಂದ ಮೋಹನ ಕೇಳಿದ.

“ಗಟ್ಟಿ ಬೇಳೆ ಕಣ್ರೀ,” ಎಂದಳು ಪ್ರಫುಲ್ಲಾ, ನನ್ನನ್ನು ಮೆಲ್ಲಗೆ ಇಳಿಸುತ್ತಾ.