ಜಿಂಕೆಗೆ ಆಗದ ವಾಸನೆ

"ನಿಮ್ ಮೈ ನಾತಕ್ಕೇ ಜಿಂಕೆ ಬರ್ತಿಲ್ಲ ಕಣ್ರೇ, ಹೊಲಸು ಮುಂಡೇವಾ!"

ಮೇಸ್ತ್ರಿ ಬೇಲಿಯ ಆಚೆ ನಿಂತು ಕೂಗಿದ. ನಾವು ಹೆಂಗಸರು ಮೇಲಿನ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕ್ಲೋವರ್ ನಡುವಿನ ಕಳೆ ಕೀಳುತ್ತಿದ್ದೆವು. ಹೆಸರು ಭಾರಿ, ಗಿಡ ನೋಡಿದರೆ ಗೇಣುದ್ದ. ಕಡ್ಡಿಗೆ ಮೂರು ಎಲೆ, ನೆತ್ತಿಗೆ ಒಂದು ಬಿಳಿ ಹೂವಿನ ಚೆಂಡು. ನಮ್ಮ ಬಾಯಲ್ಲಿ ಅದು ಮೂರೆಲೆ. ಬೀಜ ಸಾಸಿವೆಗಿಂತಲೂ ಸಣ್ಣದು, ಬರಿಗೈಲಿ ಎರಚಿದರೆ ಒಂದೇ ಕಡೆ ಸುರಿದುಬಿಡುತ್ತದೆ. ಅದಕ್ಕೆ ಮರಳು ಬೆರೆಸಿ ಎರಚಿದವರೂ ನಾವೇ. ಆಗ ನಮ್ಮ ಕೈ ಯಾರಿಗೂ ನಾತ ಹೊಡೆದಿರಲಿಲ್ಲ.

"ನಾತ ನಮ್ದಾ, ನಿನ್ ಬೀಡೀದಾ?" ಅಂದೆ.

"ಬಾಯಿ ಮುಚ್ಕೊಂಡು ಕೀಳೇ. ಧಣಿ ಬರ್ತಾವ್ರೆ."

ಧಣಿಗೆ ಮೂರೆಲೆ ಎರಡು ಕಡೆ ಇದೆ. ಕೆಳಗಿನ ಹೊಲದ್ದು ಅವನ ಹಾಲಿನ ಹಸುಗಳಿಗೆ, ಮೇಲಿನದು ಕಾಡಿನ ಜಿಂಕೆಗಳಿಗೆ. ಮೇಲಿನದು ಮೊದಲು ಬಯಲಾಗಿತ್ತು. ನಮ್ಮ ಗುಡಿಸಲುಗಳ ದನ ಅಲ್ಲೇ ಮೇಯುತ್ತಿದ್ದವು. ಧಣಿ ನಮ್ಮ ಕಡೆಗೆ ತಂತಿ ಬೇಲಿ ಎಳೆಸಿ, ಕಾಡಿನ ಕಡೆಗೆ ಹಾಗೇ ಬಿಟ್ಟ. ಬನ್ನಿ ಸ್ವಾಮಿ, ನಿಮ್ಮದೇ ಮನೆ ಅಂತ ಜಿಂಕೆಗೆ. ದಾಟಿದರೆ ಕಾಲು ಮುರೀತೀನಿ ಅಂತ ನಮಗೆ. ಒಂದೊಂದೇ ದನ ಮಾರಿಹೋಗಿ, ಕೊನೆಗೆ ಉಳಿದದ್ದು ನಮ್ಮ ಅತ್ತೆಯ ಕಪ್ಪು ಹಸು ಮಾತ್ರ.

ಜಿಂಕೆ ಮೇಲೆ ಇಷ್ಟು ಪ್ರೀತಿ ಎಲ್ಲಿಂದ ಬಂತು ಅಂತೀರಾ? ಹೊಲದ ಅಂಚಿಗೆ ಮರದ ಅಟ್ಟಣಿಗೆ ಇದೆ. ದೊಡ್ಡ ದೊಡ್ಡ ಅತಿಥಿಗಳು ಬಂದೂಕು ಹಿಡಿದು ಅದರೊಳಗೆ ಕೂರುತ್ತಾರೆ. ಜಿಂಕೆ ಬರಬೇಕು, ಹೊಟ್ಟೆ ತುಂಬ ಮೇಯಬೇಕು, ತಲೆ ಎತ್ತಬೇಕು, ಢಂ. ಇಷ್ಟು ಉಪಚಾರ ಮಾಡಿ ಕೊಲ್ಲುವ ಬುದ್ಧಿ ನಮ್ಮಂಥವರಿಗೆ ಎಲ್ಲಿಂದ ಬರಬೇಕು.

ಧಣಿಯ ಜೊತೆ ಒಬ್ಬ ಅತಿಥಿ ಬಂದ. ಮೈಮೇಲೆಲ್ಲ ಎಲೆಗಳ ಚಿತ್ತಾರದ ಬಟ್ಟೆ, ತಲೆಗೂ ಅಂಥದ್ದೇ ಟೋಪಿ. ಅವನಿಗೆ ನಾವು ಟೋಪಿ ಅಂತಲೇ ಹೆಸರಿಟ್ಟೆವು. ಟೋಪಿ ಜೇಬಿನಿಂದ ಪುಟ್ಟ ಬಾಟಲಿ ತೆಗೆದು ನಮ್ಮ ಗುಡಿಸಲುಗಳ ಮುಂದೆ ನಿಂತು ಹಿಚುಕಿದ. ಬಿಳಿ ಪುಡಿ ಪುಸ್ಸೆಂದು ಎದ್ದು, ನಿಧಾನ ತೇಲಿಕೊಂಡು ಬೇಲಿ ದಾಟಿ ಮೂರೆಲೆಯ ಮೇಲೆ ಹೋಯಿತು.

"ನೋಡಿದ್ರಾ?" ಅಂದ ಟೋಪಿ. "ಗಾಳಿ ಪೂರಾ ಈ ಜನರ ಕಡೆಯಿಂದ್ಲೇ. ಜಿಂಕೆ ಮೂಗು ಅಂದ್ರೆ ಏನನ್ಕೊಂಡಿದ್ದೀರಿ?"

ಧಣಿ ನಮ್ಮ ಕಡೆ ತಿರುಗಿದ. "ಕೇಳಿದ್ರಲ್ಲ. ಗುಡಿಸಲು ಕಿತ್ಕೊಂಡು ಕಾಲುವೆ ಆಚೆ ಹೋಗಿ."

ಕಾಲುವೆ ಆಚೆ ಅಂದರೆ ಧಣಿಯ ಕೊಟ್ಟಿಗೆಯ ಗಂಜಲ, ಸಗಣಿ ನೀರು ಹರಿದು ನಿಲ್ಲುವ ತಗ್ಗು. ಅಲ್ಲಿ ಸೊಳ್ಳೆ ಬಿಟ್ಟರೆ ಯಾವ ಜೀವವೂ ಮನಸ್ಸಿಟ್ಟು ಬಾಳುವುದಿಲ್ಲ. ಇಲ್ಲಿನ ನಮ್ಮ ಮನೆಯ ಗೋಡೆಗೆ ನಾನೇ ಮಣ್ಣು ಮೆತ್ತಿದ್ದೆ, ಗಂಡ ಸೂರು ಕಟ್ಟಿದ್ದ, ಮಕ್ಕಳು ಅಲ್ಲೇ ಹುಟ್ಟಿದ್ದವು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಹೋಗಿ ಕೈ ಮುಗಿದಳು. "ನಾತ ತಾನೆ ಧಣಿ? ನಾತ ಹೋಗ್ಸಿದ್ರೆ ಆಯ್ತಲ್ಲ. ಒಂದ್ಸಲ ನೋಡಿ. ನಾವ್ ಹೆಂಗಿರ್ತೀವಿ ಅಂದ್ರೆ, ಜಿಂಕೆ ಬಂದು ನಮ್ ಮಡ್ಲಲ್ಲೇ ಮಲ್ಗ್ಬೇಕು!"

ಟೋಪಿ ಬಿದ್ದು ಬಿದ್ದು ನಕ್ಕ. ಅವನಿಗೆ ಖುಷಿಯಾಯಿತಲ್ಲ ಅಂತ ಧಣಿಯೂ ನಕ್ಕ. "ಸರಿ. ನಾಳೆ ಸಂಜೆ ಇವರು ಅಟ್ಟಣಿಗೇಲಿ ಕೂತಾಗ ಜಿಂಕೆ ಬಂದ್ರೆ ಇರಿ. ಇಲ್ಲಾಂದ್ರೆ ನಾಡಿದ್ದು ಗುಡಿಸಲು ಕೆಡವೋ ಯಂತ್ರ ತರಿಸ್ತೀನಿ."

ಮರುದಿನ ಅತ್ತೆ ಇಡೀ ಕೇರಿಯನ್ನು ತಿಕ್ಕಿ ತೊಳೆದಳು. ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಪರಿಮಳದ ಸೋಪು ಹೊರಗೆ ಬಂತು. ಮಕ್ಕಳು ಕಿರುಚಿದರೂ ಬಿಡದೆ ಉಜ್ಜಿದಳು. ತಲೆಗೆ ಘಮಘಮ ಎಣ್ಣೆ, ಕತ್ತಿಗೆ ಪೌಡರು. ನನ್ನ ಗಂಡ ಕೊಟ್ಟಿಗೆ ಕೆಲಸ ಮುಗಿಸಿ ಬಂದವನು, ಬಾಗಿಲಲ್ಲೇ ಸಿಕ್ಕಿಬಿದ್ದ.

"ಏನವ್ವ, ನನಗ್ಯಾಕೆ ಪೌಡ್ರು?"

"ಬಗ್ಗೋ. ನಿನ್ ಕಂಕಳೇ ಮೊದ್ಲು ಬೇಟೆಗೆ ಅಡ್ಡ."

ಅತ್ತೆ ಹಸುವಿನ ಕೊಂಬಿಗೂ ಎಣ್ಣೆ ಸವರಿದಳು. ಎಷ್ಟೋ ದಿನದ ಮೇಲೆ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕೆಟ್ಟ ವಾಸನೆಗೆ ಹೆದರುವ ಜಿಂಕೆ ಒಳ್ಳೆಯ ವಾಸನೆಗೆ ಓಡಿ ಬರುತ್ತದೆ ಅಂತ ನಾನೂ ನಂಬಿದ್ದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಜಿಂಕೆಗಳು ಕಾಡಿನ ಅಂಚಿಗೆ ಬಂದವು. ಮುಂದಿನದು ಮೂಗು ಎತ್ತಿತು, ಕಿವಿ ನಿಮಿರಿಸಿತು, ಸೀನಿದ ಹಾಗೆ ಒಂದು ಸದ್ದು ಮಾಡಿ ಹಾರಿತು. ಹಿಂದಿನವು ಯಾಕೆ ಏನು ಅಂತ ಕೇಳದೆ ಅದರ ಹಿಂದೆ ಹಾರಿದವು. ಕಾಡಿನ ಪ್ರಾಣಿಗೆ ಸೋಪಿನ ಪರಿಮಳವೂ ಒಂದೇ, ಮನುಷ್ಯರ ಬೆವರೂ ಒಂದೇ. ಅದು ನಮಗೆ ಆಮೇಲೆ ತಿಳಿಯಿತು.

ಧಣಿ ಅಟ್ಟಣಿಗೆಯಿಂದ ದಡದಡ ಇಳಿದು ನಮ್ಮ ಅಂಗಳಕ್ಕೆ ಬಂದ. ಹಿಂದೆಯೇ ಟೋಪಿ, ಮೇಸ್ತ್ರಿ. ಅತ್ತೆಯ ಮುಖದ ಪೌಡರು ನೋಡಿ ಧಣಿಯ ಕಣ್ಣು ಕೆಂಪಗಾಯಿತು.

"ಏನೇ ಮುದುಕಿ, ಮದುವೆಗೆ ಹೊರಟ್ಯಾ? ಈ ವಯಸ್ಸಲ್ಲಿ ಯಾವನಿಗೆ ಸಿಂಗಾರ?"

"ನಾತ ಹೋಗ್ಲಿ ಅಂತ ಧಣಿ..."

"ನಿಂಗೆ ಸೋಪು ಬೇರೆ ಕೇಡು. ತಿಪ್ಪೆಗೆ ಹೋಗು. ಸಗಣಿ ತಗೊಂಡು ಬಳ್ಕೊ. ಮೈಗೆಲ್ಲಾ ಬಳ್ಕೊ, ನಾನು ನೋಡ್ಬೇಕು."

ಅತ್ತೆ ನಮ್ಮ ಮುಖ ನೋಡಿದಳು, ಹಿಂದಿದ್ದ ಗೋಡೆ ನೋಡಿದಳು. ಹೋಗಿ ಬಗ್ಗಿದಳು. ಕೈಗೆ ಬಳಿದುಕೊಂಡಳು, ಕತ್ತಿಗೆ ಬಳಿದುಕೊಂಡಳು, ಧಣಿ ಬೆರಳು ತೋರಿಸಿದ ಕಡೆಯೆಲ್ಲ ಬಳಿದುಕೊಂಡಳು. ಟೋಪಿ ತನ್ನ ಫೋನಿನಲ್ಲಿ ಚಿತ್ರ ತೆಗೆದ. ನನ್ನ ಗಂಡ ನೆಲ ನೋಡುತ್ತಾ ನಿಂತಿದ್ದ. ಅವನ ಮೇಲೂ ನನಗೆ ಸಿಟ್ಟು ಬಂತು, ನನ್ನ ಮೇಲೂ ಬಂತು.

"ಇವಾಗಾದ್ರೂ ಇರಬಹುದಾ ಧಣಿ?" ಅಂದಳು ಅತ್ತೆ.

"ನಾಳೆ ಬೇಟೆ ಮುಗೀಲಿ. ಅದಾದ ತಕ್ಷಣ ಯಂತ್ರ ಬರುತ್ತೆ," ಅಂದು ಧಣಿ ಹೊರಟ.

ಆ ರಾತ್ರಿ ಅತ್ತೆ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ಹಸುವಿಗೆ ಒಣಹುಲ್ಲು ಹಾಕಿದಳು. ಮಧ್ಯಾಹ್ನ ಮತ್ತೆ ಹಾಕಿದಳು. ಹಸಿದ ಹಸು ಎಳೆ ಮೂರೆಲೆಗೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬಿ ಸಾಯುತ್ತದೆ, ಮೊದಲು ಒಣಹುಲ್ಲು ಬೀಳಬೇಕು. ಅದು ಗೊತ್ತಿದ್ದ ನನಗೆ ಅತ್ತೆಯ ಮನಸ್ಸೂ ಗೊತ್ತಾಯಿತು.

"ಅತ್ತೇ, ಬೇಲಿ ದಾಟಿ ಸಾಯ್ತೀಯಾ?"

"ಕಾಲುವೆ ಆಚೆ ಹೋಗಿ ಏನ್ ಚಿರಂಜೀವಿ ಆಗ್ತೀವಾ? ಆ ಬೋಳಿಮಗ ನಂಗೆ ಸಗಣಿ ಬಳಿಸ್ದ. ನಡಿ."

ಸಂಜೆ ಧಣಿ, ಟೋಪಿ ಇಬ್ಬರೂ ಅಟ್ಟಣಿಗೆ ಹತ್ತಿದರು. ಕಾಡಿನ ಅಂಚಿನಲ್ಲಿ ಜಿಂಕೆ ಕಾಣಿಸಿತು. ಮೇಸ್ತ್ರಿ ಬೇಲಿ ಹತ್ತಿರವೇ ಇದ್ದ. ನನ್ನ ಗಂಡ ಅವನ ಎದುರೇ ಗೂಟ ಅಲ್ಲಾಡಿಸಿ ಕಿತ್ತು, ತಂತಿ ಮಲಗಿಸಿ, ಮೇಲೆ ಕಾಲಿಟ್ಟು ನಿಂತ. ಮೇಸ್ತ್ರಿ ಬಾಯಿ ತೆರೆದ, ಅಟ್ಟಣಿಗೆ ನೋಡಿದ, ಮುಚ್ಚಿದ. ಬೇಟೆಯ ಹೊತ್ತಿನಲ್ಲಿ ಕೆಮ್ಮಿದರೂ ಕೆಲಸ ಹೋಗುತ್ತದೆ ಅಂತ ಧಣಿಯದೇ ಅಪ್ಪಣೆ.

ಅತ್ತೆ ಹಸು ಹಿಡಿದು ನಡೆದಳು. ಹಿಂದೆ ನಾವು ಅಷ್ಟೂ ಮನೆಯವರು. ಹೊಲದ ನಟ್ಟನಡುವೆ ಹೋಗಿ ಕೂತೆವು. ಧಣಿ ಅಟ್ಟಣಿಗೆಯಿಂದ ಕೈ ಬೀಸಿದ. ಹೋಗಿ ಅಂತ ಬೀಸಿದ, ಕೊಲ್ತೀನಿ ಅಂತ ಬೀಸಿದ, ಹಲ್ಲು ಕಡಿದ, ಎದೆ ಬಡಿದುಕೊಂಡ, ಒಂದಕ್ಕೂ ಸದ್ದಿಲ್ಲ. ಮೂಕಾಟ ಚೆನ್ನಾಗಿತ್ತು. ಅತ್ತೆ ಅವನಿಗೆ ಕೈ ಬೀಸಿ ತೋರಿಸಿ, "ಬನ್ನಿ ಧಣಿ, ಕೂತ್ಕೊಳ್ಳಿ!" ಅಂತ ಗಟ್ಟಿಯಾಗಿ ಕೂಗಿದಳು. ಜಿಂಕೆ ಹಾರಿಹೋಯಿತು.

"ಲೇ ಸೂಳೆಮಕ್ಳಾ!" ಧಣಿಯ ಕಂಠ ಕೊನೆಗೂ ಕಿತ್ತುಕೊಂಡು ಬಂತು. "ಎದ್ದು ಹೋಗ್ರೋ!"

ಯಾರೂ ಏಳಲಿಲ್ಲ. ದಾರಿಯ ತಿರುವಿನಲ್ಲಿ ಯಂತ್ರದ ಸದ್ದು ಕೇಳಿಸಿತು. ಟೋಪಿ ಬಂದೂಕನ್ನು ಮೆಲ್ಲಗೆ ತಿರುಗಿಸಿದ. ಕಾಡಿನ ಕಡೆಗಿದ್ದ ಕೊಳವೆ ಕೆಳಗಿಳಿದು, ಸರಿದು, ನಮ್ಮ ಹಸುವಿನ ಮೇಲೆ ನಿಂತಿತು. ಅವನು ನಗುತ್ತಿದ್ದ.

"ಬೇಡಿ ಸ್ವಾಮಿ, ಜನ ಇದ್ದಾರೆ," ಧಣಿಯ ಸ್ವರ ಇಳಿಯಿತು.

"ಹಸು ತಾನೆ," ಅಂದ ಟೋಪಿ.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಹಸುವಿನ ಮುಂದೆ ನಿಂತಳು. ಅಟ್ಟಣಿಗೆಗೆ ಬೆನ್ನು ಕೊಟ್ಟು, ಅದರ ಕತ್ತಿನಡಿಯ ಗಂಗೆದೊಗಲು ತುರಿಸತೊಡಗಿದಳು. "ನೀನ್ ಮೇಯಿ ನನ್ನವ್ವ, ಅವಸರ ಏನೂ ಇಲ್ಲ."

ನಾನು ಎದ್ದು ಬಂದೂಕಿನ ಕಡೆ ಮುಖ ಮಾಡಿ ಅವಳ ಪಕ್ಕ ನಿಂತೆ. ಗಂಡ ಬೇಲಿ ಬಿಟ್ಟು ಓಡಿಬಂದು ನಿಂತ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಬಂದೂಕು ಕೆಳಗಿಳಿಯಲಿಲ್ಲ. ನಮ್ಮ ಬೆನ್ನ ಹಿಂದೆ ಹಸು ಮೂರೆಲೆ ಕಿತ್ತು ಕಿತ್ತು ತಿನ್ನುತ್ತಲೇ ಇತ್ತು.